ಆರಂಭಶೂರನ ಆರಂಭ

ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಬೇಸಾಯಕ್ಕೆ 'ಆರಂಭ' ಎನ್ನುವುದುಂಟು. "ಏನ್ ಮಾಡ್ಕಂಡಿದೀಯಪ್ಪಾ?" ಎಂದು ಯಾರಾದರೂ ಕೇಳಿದರೆ "ಆರಂಭ ಮಾಡ್ಕಂಡಿದೀನಿ" ಎನ್ನುತ್ತೇವೆ. ಅದೇ ಮಾತಿನಿಂದ ಹುಟ್ಟಿದ ಇನ್ನೊಂದು ಪದ 'ಆರಂಭಶೂರ'. ಶುರು ಮಾಡುವುದರಲ್ಲಿ ಮುಂದು, ಮುಗಿಸುವುದರಲ್ಲಿ ಹಿಂದು ಇರುವವನಿಗೆ ಕೊಡುವ ಬಿರುದು. ಊರವರು ಈ ಬಿರುದನ್ನು ಸುಮಾರು ಮೂವತ್ತು ವರ್ಷ ನನ್ನ ಹೆಸರಿಗೆ ಅಂಟಿಸಿದ್ದರು.

2019ರಲ್ಲಿ, ನನ್ನ 43ನೇ ವಯಸ್ಸಿನಲ್ಲಿ, ಇದಕ್ಕೆ ವೈದ್ಯರ ಪುಸ್ತಕದಲ್ಲೂ ಒಂದು ಹೆಸರಿದೆ ಎಂದು ತಿಳಿಯಿತು. ಗಮನ ಕೊರತೆಯ ತೊಂದರೆ. ಇಂಗ್ಲಿಷಿನ ಅಕ್ಷರ ಕೂಡಿಸಿ ಎ.ಡಿ.ಎಚ್.ಡಿ. ಎನ್ನುತ್ತಾರೆ. ಕೃಷಿ ಪತ್ರಿಕೆಗೆ ಇದೇಕೆ ಎಂದು ಕೇಳಬಹುದು. ಗೊಬ್ಬರ, ಬೀಜ, ನೀರು ಎಲ್ಲ ಸರಿ ಇದ್ದೂ ಕೆಲವರ ಹೊಲ ಮಾತ್ರ ಹಿಂದೆ ಬೀಳುವುದನ್ನು ನೀವೂ ಕಂಡಿರುತ್ತೀರಿ. ಅಂಥ ಕೆಲವು ಹೊಲಗಳ ಕಾರಣ ಮಣ್ಣಿನಲ್ಲಿರುವುದಿಲ್ಲ. ಅದಕ್ಕೇ ಈ ಬರಹ.

ನೀರಿದೆ, ಗೇಟ್‌ವಾಲ್ವ್ ಕೈಯಲ್ಲಿಲ್ಲ

'ಗಮನ ಕೊರತೆ' ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಗಮನ ಇಲ್ಲವೆಂದಲ್ಲ. ಕೊಳವೆಬಾವಿಯಲ್ಲಿ ನೀರು ಬರುತ್ತಲೇ ಇದೆ, ಯಾವ ಮಡಿಗೆ ಬಿಡಬೇಕೆಂಬ ಗೇಟ್‌ವಾಲ್ವ್ ಮಾತ್ರ ನಮ್ಮ ಕೈಯಲ್ಲಿಲ್ಲ. ಇಷ್ಟವಾದ ಕೆಲಸ ಸಿಕ್ಕರೆ ಊಟ ಮರೆತು ಆರು ಗಂಟೆ ಕೂರುತ್ತೇವೆ. ಪಂಪ್ ಬಿಚ್ಚಿ ಜೋಡಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮೂರಲ್ಲಿ ಕಡಿಮೆ. ಅದೇ ಒಂದು ಅರ್ಜಿ ತುಂಬುವುದೆಂದರೆ ಮೂರು ವಾರ.

ಇದು ಹೊಸದಾಗಿ ಹುಟ್ಟಿದ ಫ್ಯಾಷನ್ ರೋಗವೇನಲ್ಲ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲೇ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಇದಕ್ಕೆ ಗಮನ ಕೊರತೆ ಎಂದು ಹೆಸರಿಟ್ಟಿತು. 1987ರಲ್ಲಿ 'ಅತಿ ಚಟುವಟಿಕೆ' ಎಂಬುದೂ ಹೆಸರಿಗೆ ಸೇರಿತು. ದೊಡ್ಡವರಾದ ಮೇಲೆ ತಾನಾಗಿ ಹೋಗುತ್ತದೆ ಎಂದೇ ಬಹಳ ಕಾಲ ನಂಬಿದ್ದರು. ಎಲ್ಲರಿಗೂ ಹೋಗುವುದಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2021ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಬಾಲ್ಯದಿಂದ ಉಳಿದುಬಂದ ಈ ತೊಂದರೆ ವಯಸ್ಕರಲ್ಲಿ ಶೇಕಡಾ 2.58 ಮಂದಿಗಿದೆ. ಸಾವಿರ ಜನ ವಯಸ್ಕರಿರುವ ಊರಿಗೆ ಆ ಲೆಕ್ಕ ಹಾಕಿದರೆ ಸುಮಾರು ಇಪ್ಪತ್ತಾರು ಜನ ಆಗುತ್ತಾರೆ.

ಇದು ಹೆಚ್ಚಾಗಿ ವಂಶದಲ್ಲಿ ಬರುವಂಥದ್ದು. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಇದರಲ್ಲಿ ಶೇಕಡಾ 70ಕ್ಕೂ ಹೆಚ್ಚು ಪಾಲು ಹುಟ್ಟಿನಿಂದ ಬಂದದ್ದು ಎನ್ನುತ್ತವೆ. ಸಾಕಿದ ರೀತಿ ಸರಿಯಿಲ್ಲ ಎಂದು ತಾಯಿಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಒಣಬೇಸಾಯಕ್ಕೆ ಇದು ಏಕೆ ಭಾರ

ನಮ್ಮ ಎರಡು ತಾಲ್ಲೂಕುಗಳಲ್ಲಿ ವರ್ಷದ ಮಳೆ 500 ಮಿ.ಮೀ. ಆಸುಪಾಸು. ಅದೂ ಹೇಳಿಕೇಳಿ ಬರುವುದಿಲ್ಲ. ನನ್ನದು ತಳಕು ಕಡೆಯ ಒಂಬತ್ತು ಎಕರೆ ಕೆಂಪು ಮಣ್ಣು. ಒಂದು ಕೊಳವೆಬಾವಿ, ಅದರಲ್ಲಿ ಒಂದೂವರೆ ಇಂಚು ನೀರು. ಎಲ್ಲರಂತೆ ಶೇಂಗಾ, ನಡುವೆ ತೊಗರಿಯ ಅಕ್ಕಡಿ ಸಾಲು.

ಪುನರ್ವಸು, ಪುಷ್ಯ ಮಳೆಯಲ್ಲಿ ಒಂದು ಹದ ಸಿಕ್ಕರೆ ಬಿತ್ತಲು ನಾಲ್ಕೈದು ದಿನ ಸಮಯ. ತೇವ ಆರಿದರೆ ಮತ್ತೆ ಮೋಡ ನೋಡುತ್ತಾ ಕೂರಬೇಕು. ಬಿತ್ತಿದ ಮೇಲೂ ದಿನಗಳ ಲೆಕ್ಕವೇ. 30ರಿಂದ 35 ದಿನದೊಳಗೆ ಎಕರೆಗೆ 200 ಕಿಲೋ ಜಿಪ್ಸಮ್ ಕೊಟ್ಟು ಮಣ್ಣು ಏರಿಸಬೇಕು. ಊಡು ಇಳಿಯತೊಡಗಿ 45 ದಿನ ಕಳೆದ ಮೇಲೆ ಎಡೆಕುಂಟೆ ಆಡಿಸಿದರೆ ಬುಡದ ಕಾಯಿಗೇ ಪೆಟ್ಟು. ಕೀಳುವುದು ಒಂದು ವಾರ ತಡವಾಗಿ ಮಳೆ ಬಂದರೆ ಕಾಯಿ ನೆಲದಲ್ಲೇ ಮೊಳಕೆ. ಫಸಲ್ ಬಿಮಾ ವಿಮೆಯ ಕಂತಿಗೆ ಕೊನೆಯ ದಿನ ಬೇರೆ. ಸಹಕಾರ ಸಂಘದ ಬಡ್ಡಿಯಿಲ್ಲದ ಬೆಳೆಸಾಲವೂ ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿಯಿಲ್ಲದ್ದು.

ನೀರಾವರಿ ಕಡೆಯ ತೋಟ ಎರಡು ದಿನ ಕಾಯುತ್ತದೆ. ಮಳೆ ಆಧಾರದ ಶೇಂಗಾ ಕಾಯುವುದಿಲ್ಲ. "ನಾಳೆ ಎಂದವನ ಮನೆ ಹಾಳು" ಎಂಬ ಗಾದೆ ನಮ್ಮ ಸೀಮೆಗೇ ಹೇಳಿ ಮಾಡಿಸಿದಂತಿದೆ. ಎ.ಡಿ.ಎಚ್.ಡಿ. ಇರುವವನಿಗೆ ಕಾಲ ಎರಡೇ: 'ಈಗ' ಮತ್ತು 'ಈಗಲ್ಲ'. 35ನೇ ದಿನ ಎಂಬುದು ಅವನ ತಲೆಯಲ್ಲಿ 'ಈಗಲ್ಲ' ಎಂಬ ಚೀಲದಲ್ಲಿ ಬಿದ್ದಿರುತ್ತದೆ.

ಗೊತ್ತಾಗಿದ್ದು ಮಗನಿಂದ

2019ರಲ್ಲಿ ನಮ್ಮ ಮನೆಯಲ್ಲಿ ಭಾಗದ ಮಾತು ನಡೆದಿತ್ತು. ಹಿರಿಯರು ಸೇರಿ, "ಇವನ ಪಾಲನ್ನ ಗುತ್ತಿಗೆಗೆ ಕೊಟ್ಟುಬಿಡಾನ. ಇವನು ಪಂಪ್ ರಿಪೇರಿ ಮಾಡ್ಕಂಡು ಚಳ್ಳಕೆರೆಯಾಗೆ ಇರ್ಲಿ. ಭೂಮಿ ಇವನ ಕೈಗೆ ಹತ್ತಲ್ಲ" ಎಂದು ಹೆಚ್ಚುಕಡಿಮೆ ತೀರ್ಮಾನಿಸಿದ್ದರು. ಅವರು ಹೇಳಿದ್ದರಲ್ಲಿ ದ್ವೇಷವೇನೂ ಇರಲಿಲ್ಲ. ನನ್ನ ಮಕ್ಕಳ ಊಟದ ಚಿಂತೆಯಿಂದಲೇ ಹೇಳಿದ್ದು. ಆದರೆ ಭೂಮಿ ಒಮ್ಮೆ ಗುತ್ತಿಗೆಗೆ ಹೋದರೆ ಮತ್ತೆ ನೇಗಿಲು ಹಿಡಿಯುವುದು ಎಂದೋ.

ಅದೇ ವರ್ಷ ನನ್ನ ಮಗನ ಶಾಲೆಯ ಮೇಷ್ಟರು, "ಹುಡುಗ ಜಾಣ, ಆದರೆ ಕೂತಲ್ಲಿ ಕೂರಲ್ಲ, ಒಮ್ಮೆ ಡಾಕ್ಟರಿಗೆ ತೋರಿಸಿ" ಎಂದರು. ಮನೋವೈದ್ಯರು ಮಗನ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರೆ ನನ್ನ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ, "ಸಾರ್, ಇವೆಲ್ಲಾ ಇವರಿಗೂ ಐತೆ" ಎಂದುಬಿಟ್ಟಳು.

ನನ್ನನ್ನು ಎರಡು ಸಲ ಕರೆಸಿದರು. ರಕ್ತಪರೀಕ್ಷೆ ಇದನ್ನು ಹೇಳುವುದಿಲ್ಲ, ತಲೆಯ ಸ್ಕ್ಯಾನೂ ಹೇಳುವುದಿಲ್ಲ. ಮಾತೇ ಪರೀಕ್ಷೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ರಕ್ತಹೀನತೆ, ನಿದ್ದೆಗೇಡು, ಖಿನ್ನತೆ, ಕುಡಿತ ಇವುಗಳಿಂದಲೂ ಗಮನ ಚೆದುರುವುದುಂಟು. ಮೊದಲು ಅವನ್ನು ತಳ್ಳಿಹಾಕಬೇಕು. ಮುಖ್ಯ ವ್ಯತ್ಯಾಸ ಎಂದರೆ ಇದು ನಡುವೆ ಬಂದದ್ದಲ್ಲ, 12 ವರ್ಷದೊಳಗೇ ಲಕ್ಷಣ ಕಂಡಿರಬೇಕು. ಅದಕ್ಕೇ ವೈದ್ಯರು ನನ್ನ ತಾಯಿಯನ್ನು ಕರೆಸಿದರು. ಅವಳು, "ಇವನು ತೊಟ್ಟಿಲಾಗೇ ನಿಲ್ತಿರಲಿಲ್ಲ ಸ್ವಾಮಿ" ಎಂದಳು.

ವಿಶ್ವ ಆರೋಗ್ಯ ಸಂಸ್ಥೆಯ ಆರು ಪ್ರಶ್ನೆಗಳ ಒಂದು ಪಟ್ಟಿಯೂ ಇದೆ. ಅದನ್ನು ನಮ್ಮ ಭಾಷೆಗೆ ತಂದುಕೊಂಡರೆ ಹೀಗೆ. ದೊಡ್ಡ ಕೆಲಸ ಮುಗಿದು ಬಾಲ ಮಾತ್ರ ಉಳಿದಾಗ ಅದನ್ನು ಮುಗಿಸಲಾಗುವುದಿಲ್ಲವೇ? ಕೆಲಸವನ್ನು ಅನುಕ್ರಮವಾಗಿ ಜೋಡಿಸಿಕೊಳ್ಳುವುದು ಕಷ್ಟವೇ? ಕೊಟ್ಟ ಮಾತು, ಹೋಗಬೇಕಾದ ದಿನ ಮರೆಯುತ್ತದೆಯೇ? ತಲೆ ಓಡಿಸಬೇಕಾದ ಕೆಲಸವನ್ನು ಮುಂದೂಡುತ್ತೀರಾ? ಹೆಚ್ಚು ಹೊತ್ತು ಕೂತರೆ ಕೈಕಾಲು ಆಡಿಸುತ್ತೀರಾ? ಒಳಗೆ ಮೋಟಾರು ಇಟ್ಟಂತೆ ಏನಾದರೂ ಮಾಡುತ್ತಲೇ ಇರುತ್ತೀರಾ? ಇವೆಲ್ಲ ಎಲ್ಲರಿಗೂ ಆಗಾಗ ಇರುವಂಥವೇ. ಆದರೆ ಬಹುಪಾಲು ಪ್ರಶ್ನೆಗೆ 'ಯಾವಾಗಲೂ' ಎಂಬ ಉತ್ತರ ಬಂದು, ಅದರಿಂದ ಬದುಕು ಕೆಡುತ್ತಿದ್ದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಪಟ್ಟಿಯೊಂದೇ ತೀರ್ಪಲ್ಲ.

ಮಗ್ಗದ ಅಟ್ಟೆ ಕಲಿಸಿದ್ದು

ಗೊತ್ತಾದ ಮೇಲೇನು? "ಮನಸ್ಸಿದ್ದರೆ ಮಾರ್ಗ" ಎಂದು ಎಲ್ಲರೂ ಹೇಳಿದರು. ನನಗೆ ಮನಸ್ಸಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಈ ವಿಷಯದಲ್ಲಿ ದೊಡ್ಡ ಹೆಸರು. ಅವರ ವಾದ ಇಷ್ಟು: ಇವರಿಗೆ ಏನು ಮಾಡಬೇಕೆಂಬುದು ಗೊತ್ತಿದೆ, ಗೊತ್ತಿದ್ದನ್ನು ಆ ಹೊತ್ತಿಗೆ ಮಾಡಲಾಗದಿರುವುದೇ ತೊಂದರೆ. ಆದ್ದರಿಂದ ಉಪದೇಶ ಹೆಚ್ಚಿಸಿ ಪ್ರಯೋಜನವಿಲ್ಲ. ಕೆಲಸ ನಡೆಯುವ ಜಾಗದಲ್ಲೇ, ಕೆಲಸದ ಹೊತ್ತಿಗೇ ಕಣ್ಣಿಗೆ ಬೀಳುವಂತೆ ಗುರುತು ಇಡಬೇಕು.

ಇದು ನನಗೆ ಮನದಟ್ಟಾದದ್ದು ಮೊಳಕಾಲ್ಮುರಿನಲ್ಲಿ. ಅಲ್ಲಿ ನಮ್ಮ ನೆಂಟರೊಬ್ಬರು ರೇಷ್ಮೆ ಸೀರೆ ನೇಯುತ್ತಾರೆ. ಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ, ಅದರಲ್ಲಿ ತೂತು ಹೊಡೆದ ಅಟ್ಟೆಗಳ ಸರ. ಒಂದೊಂದು ಎಳೆಗೆ ಒಂದೊಂದು ಅಟ್ಟೆ. ಯಾವ ನೂಲು ಮೇಲೇಳಬೇಕೆಂದು ಆ ತೂತುಗಳೇ ಹೇಳುತ್ತವೆ. ಸೆರಗಿನ ಚಿತ್ತಾರವನ್ನೆಲ್ಲ ನೇಕಾರ ತಲೆಯಲ್ಲಿ ಹೊತ್ತುಕೊಂಡು ಕೂರುವುದಿಲ್ಲ. ನೆನಪು ಅಟ್ಟೆಯಲ್ಲಿದೆ, ಕೈ ಮಗ್ಗದಲ್ಲಿದೆ. ಹಾಗೆಂದು ಅವನನ್ನು ಯಾರೂ ಮರೆಗುಳಿ ಎನ್ನುವುದಿಲ್ಲ.

ಹೊಲಕ್ಕೂ ಒಂದು ಅಟ್ಟೆಯ ಸರ ಮಾಡಿಕೊಂಡರಾಯಿತಲ್ಲ ಎನಿಸಿತು. 2020ರ ಮುಂಗಾರಿನಿಂದ ಮಾಡುತ್ತಾ ಬಂದಿದ್ದೇನೆ. ಉಳಿದುಕೊಂಡ ಉಪಾಯಗಳು ಇವು.

ಪಂಪ್‌ಮನೆ ಗೋಡೆ: ಹೊರಗೋಡೆಗೆ ನಾಲ್ಕಡಿ ಅಗಲ ಕಪ್ಪು ಬಣ್ಣ ಬಳಿದು ಹಲಗೆ ಮಾಡಿದ್ದೇನೆ. ಸೀಮೆಸುಣ್ಣ ದಾರದಲ್ಲಿ ನೇತಾಡುತ್ತದೆ, ಇಲ್ಲದಿದ್ದರೆ ಅದನ್ನು ಹುಡುಕುವುದರಲ್ಲೇ ಬೆಳಗು. ಬಿತ್ತಿದ ದಿನವೇ 20, 32, 45, 100ನೇ ದಿನ ಯಾವ ತಾರೀಕಿಗೆ ಬರುತ್ತದೆಂದು ಲೆಕ್ಕ ಹಾಕಿ ಬರೆಯುತ್ತೇವೆ. ಎದುರಿಗೆ ಎಡೆ, ಜಿಪ್ಸಮ್, ಕುಂಟೆ ಬಂದ್, ಕಾಯಿ ನೋಡುವುದು ಎಂದು ಒಂದೊಂದೇ ಪದ. ಡೈರಿ ಮನೆಯಲ್ಲಿರುತ್ತದೆ, ಬೆಳೆ ಹೊಲದಲ್ಲಿರುತ್ತದೆ. ಆದ್ದರಿಂದ ನಮ್ಮಂಥವರಿಗೆ ಡೈರಿ ಒಗ್ಗುವುದಿಲ್ಲ.

ಮೊದಲೇ ಮಾಡಿದ ತೀರ್ಮಾನ: ಮಳೆ ಬಂದ ಬೆಳಗ್ಗೆ ಯೋಚನೆ ಮಾಡಲು ಕೂತರೆ ಹತ್ತು ದಿಕ್ಕಿಗೆ ಮನಸ್ಸು. ಅದಕ್ಕೆ ಬೇಸಿಗೆಯಲ್ಲೇ ಗೋಡೆಯ ಮೂಲೆಯಲ್ಲಿ ಬರೆದಿಡುತ್ತೇವೆ: "25 ಮಿ.ಮೀ. ಬಿದ್ದರೆ ಮಾರನೇ ದಿನ ಕೂರಿಗೆ." ಮಳೆ ಮಾಪಕ ಪಕ್ಕದಲ್ಲೇ ಇದೆ. ಇದು ನನ್ನ ಮಣ್ಣಿನ ಲೆಕ್ಕ, ಎರೆ ನೆಲಕ್ಕೆ ಬೇರೆ. ಕೂರಿಗೆ, ಬೀಜ, ಬೀಜೋಪಚಾರದ ಪೊಟ್ಟಣ ಎಲ್ಲ ಜೂನ್ ಮೊದಲ ವಾರವೇ ಒಂದೇ ಮೂಲೆಗೆ ಸೇರಿರಬೇಕು.

ಮೂರು ಕಲ್ಲು: ಬೆಳಿಗ್ಗೆ ಬಲಜೇಬಿಗೆ ಮೂರು ಬೆಣಚುಕಲ್ಲು. ದಿನಕ್ಕೆ ಮೂರೇ ಕೆಲಸ. ಒಂದು ಪೂರ್ತಿ ಮುಗಿದರೆ ಒಂದು ಕಲ್ಲು ಎಡಜೇಬಿಗೆ. ನಡುವೆ ನಾಲ್ಕನೇ ಕೆಲಸ ಕಣ್ಣಿಗೆ ಬಿದ್ದರೆ ಗೋಡೆಗೆ ಬರೆದು ಬಿಡುವುದು, ಕೈ ಹಾಕುವಂತಿಲ್ಲ. ಖರ್ಚು ಸೊನ್ನೆ. ಈಗ ಮಗನೂ ಹೋಂವರ್ಕಿಗೆ ಇದನ್ನೇ ಮಾಡುತ್ತಾನೆ.

ಮುಯ್ಯಾಳು: ಪಕ್ಕದಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತಿದ್ದರೆ ನಮ್ಮಂಥವರ ಗಮನ ನಿಲ್ಲುತ್ತದೆ. ನಮ್ಮ ಹಿರಿಯರ ಮುಯ್ಯಾಳು ಪದ್ಧತಿ ಇದಕ್ಕೆ ಹೇಳಿ ಮಾಡಿಸಿದ ಔಷಧಿ. ಕಳೆ, ಜಿಪ್ಸಮ್, ಕಾಯಿ ಬಿಡಿಸುವುದು ಈ ಮೂರಕ್ಕೆ ಪಕ್ಕದ ಹೊಲದವರೂ ನಾವೂ ಆಳು ಬದಲಿಸಿಕೊಳ್ಳುತ್ತೇವೆ. ವಿಮೆ, ಸಾಲದ ಕಾಗದ ತುಂಬುವಾಗಲೂ ಹೆಂಡತಿ ಸುಮ್ಮನೆ ಪಕ್ಕದಲ್ಲಿ ಕೂರುತ್ತಾಳೆ. ಅವಳು ಮಾತಾಡಬೇಕಿಲ್ಲ, ಕೂತರೆ ಸಾಕು.

ಮೋಟಾರಿಗೆ ಟೈಮರ್: ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಕೆಲವೊಮ್ಮೆ ನಡುರಾತ್ರಿ. ಸ್ಟಾರ್ಟರಿಗೆ ಟೈಮರ್ ಹಾಕಿಸಿದ್ದೇನೆ. ನೀರು ಎಷ್ಟು ಹೊತ್ತು ಎಂಬುದು ಈಗ ನನ್ನ ನೆನಪಿನ ಮೇಲೆ ನಿಂತಿಲ್ಲ.

ಮೂರು ರಾತ್ರಿ: ಹೊಸ ಯಂತ್ರ, ಹೊಸ ತಳಿ ಕಂಡರೆ ನಮಗೆ ತಡೆಯಲಾಗದ ಉತ್ಸಾಹ. 2,000 ರೂಪಾಯಿ ಮೀರಿದ್ದೇನೇ ಆದರೂ ಮೂರು ರಾತ್ರಿ ಮಲಗಿದ ಮೇಲೆ ಖರೀದಿ. ದುಡ್ಡಿನ ಪೆಟ್ಟಿಗೆ ಹೆಂಡತಿಯ ಕೈಯಲ್ಲಿ.

ಯಂತ್ರದ ಮುಂದೆ ಮಾತಿಲ್ಲ: ಇಂಥವರಿಗೆ ರಸ್ತೆ ಅಪಘಾತ ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ. ಒಕ್ಕುವ ಯಂತ್ರ, ಮೇವು ಕತ್ತರಿಸುವ ಯಂತ್ರಕ್ಕೂ ಅದೇ ಎಚ್ಚರ ಬೇಕು. ಫೋನು ಪಂಪ್‌ಮನೆಯಲ್ಲಿಟ್ಟೇ ಯಂತ್ರಕ್ಕೆ ಕೈ ಹಾಕುವುದು.

ಮಾತ್ರೆಯ ವಿಚಾರ

ಗೋಡೆ, ಕಲ್ಲು ಇವಿಷ್ಟರಿಂದಲೇ ಎಲ್ಲ ಆಯಿತೆಂದರೆ ಸುಳ್ಳಾದೀತು. ನಾನು ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ. ಇದಕ್ಕೆ ಹೆಚ್ಚು ಬಳಕೆಯ ಔಷಧಿ ಮೀಥೈಲ್‌ಫೆನಿಡೇಟ್. 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೊದಲು ತಯಾರಾದದ್ದು. ನುಂಗಿದ ಕೆಲವು ಗಂಟೆ ಮಾತ್ರ ಅದರ ಕೆಲಸ. ಇನ್ನೊಂದು ಆಟಮಾಕ್ಸೆಟಿನ್, ಅದರ ಗುಣ ಕಾಣಲು ಕೆಲವು ವಾರ ಬೇಕು. ಮೊದಲನೆಯದನ್ನು ಸರ್ಕಾರ ಕಟ್ಟುನಿಟ್ಟಿನ ಪಟ್ಟಿಯಲ್ಲಿಟ್ಟಿದೆ. ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ, ಚೀಟಿಯ ಒಂದು ಪ್ರತಿಯನ್ನು ಅಂಗಡಿಯವರು ಇಟ್ಟುಕೊಳ್ಳಬೇಕು. ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ.

ಹಸಿವು ತಗ್ಗುವುದು, ನಿದ್ದೆ ದೂರವಾಗುವುದು, ಎದೆಬಡಿತ, ರಕ್ತದೊತ್ತಡ ಏರುವುದು ಉಂಟು. ಆದ್ದರಿಂದ ಬಿ.ಪಿ. ನೋಡಿಯೇ ಶುರು ಮಾಡುತ್ತಾರೆ, ಆಗಾಗ ನೋಡುತ್ತಲೂ ಇರುತ್ತಾರೆ. ಒಬ್ಬರ ಮಾತ್ರೆ ಇನ್ನೊಬ್ಬರು ನುಂಗುವಂಥದ್ದಲ್ಲ. ಮಾತ್ರೆ ಜಿಪ್ಸಮ್ ಎರಚುವುದಿಲ್ಲ. ಗೇಟ್‌ವಾಲ್ವ್ ತಿರುಗಿಸಲು ಕೈಗೆ ಸ್ವಲ್ಪ ಬಲ ಕೊಡುತ್ತದೆ, ಅಷ್ಟೇ. ತಿರುಗಿಸುವುದು ನಾವೇ.

ಬೀಡಿ, ಗುಟ್ಕಾ ವಿಷಯ ಹೇಳಲೇಬೇಕು. ಗಮನ ನಿಲ್ಲದವರು ತಂಬಾಕಿಗೆ ಬೀಳುವುದು ಉಳಿದವರಿಗಿಂತ ಹೆಚ್ಚು. ಅರೆಗಳಿಗೆ ತಲೆ ತಿಳಿಯಾದಂತೆ ಅನಿಸುವುದೇ ಅದಕ್ಕೆ ಒಂದು ಕಾರಣ. "ಚಟ" ಎಂದು ಬೈಯುವ ಮೊದಲು ಅದರ ಹಿಂದೆ ಇದಿದೆಯೇ ಎಂದು ನೋಡುವುದು ಒಳ್ಳೆಯದು.

ಕುರಿ ಹಿಂದೆ ಹೋದವರು

ಇಂಥ ತಲೆಗೆ ಹಿಂದೆ ಕೆಲಸವಿರಲಿಲ್ಲವೇ? ಕೀನ್ಯಾದ ಉತ್ತರ ಭಾಗದ ಅರಿಯಾಲ್ ಎಂಬ ದನಗಾಹಿ ಜನರಲ್ಲಿ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಗಮನ ಕೊರತೆಯ ಜೊತೆ ಸಂಬಂಧವಿದೆ ಎನ್ನಲಾದ ಒಂದು ವಂಶವಾಹಿ ಇದ್ದ ಗಂಡಸರು, ದನದ ಜೊತೆ ಅಲೆಯುವವರಾದರೆ ಚೆನ್ನಾಗಿ ಮೈ ತುಂಬಿಕೊಂಡಿದ್ದರು. ಒಂದೇ ಕಡೆ ನೆಲೆನಿಂತವರಲ್ಲಿ ಆ ಅನುಕೂಲ ಕಾಣಲಿಲ್ಲ. ಒಂದು ಅಧ್ಯಯನದಿಂದ ಎಲ್ಲವೂ ಸಿದ್ಧವಾಗುವುದಿಲ್ಲ. ಆದರೂ ನಮ್ಮ ಸೀಮೆಯವರು ಯೋಚಿಸಬೇಕಾದ ಮಾತು.

ಇದು ಕುರಿಗಾಹಿಗಳ, ದೇವರೆತ್ತು ಕಾಯುವ ಕಿಲಾರಿಗಳ, ಅಮೃತಮಹಲ್ ಕಾವಲುಗಳ ನಾಡು. ಎಲ್ಲಿ ಪೊದೆ ಅಲ್ಲಾಡಿತು, ಯಾವ ಮರಿ ಹಿಂದುಳಿಯಿತು ಎಂದು ಕ್ಷಣಕ್ಕೊಂದು ಕಡೆ ಹರಿಯುವ ಕಣ್ಣು ಅಲ್ಲಿ ಗುಣವೇ ಹೊರತು ದೋಷವಲ್ಲ. 2010ರ ಆಸುಪಾಸಿನ ವರ್ಷಗಳಲ್ಲಿ ಚಳ್ಳಕೆರೆ ಕಾವಲಿನ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಮೇಯಿಸುವ ಜಾಗ ಕುಗ್ಗಿದಂತೆ ಅಂಥ ಕಣ್ಣಿಗಿದ್ದ ಕೆಲಸವೂ ಕುಗ್ಗುತ್ತಿದೆ. ನಾನು ಹದಿನೈದು ಕುರಿ ಕಟ್ಟಿದ್ದೇನೆ. ಸಂಜೆ ಎರಡು ಗಂಟೆ ಅವುಗಳ ಹಿಂದೆ ತಿರುಗಿದರೆ ಮಾರನೇ ದಿನ ಒಂದು ಕಡೆ ನಿಲ್ಲುವ ತಾಳ್ಮೆ ಬರುತ್ತದೆ. ಗೊಬ್ಬರವೂ ಸಿಗುತ್ತದೆ.

ಎಲ್ಲಿ ತೋರಿಸುವುದು

ದೂರ ಹೋಗಬೇಕಿಲ್ಲ. ನಮ್ಮ ಮೊಳಕಾಲ್ಮುರಿನ ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗ ಮಾಡಿದರು. 'ಬಳ್ಳಾರಿ ಮಾದರಿ' ಎಂದೇ ಅದು ಹೆಸರಾಯಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಹದಿ. ನಮ್ಮ ಬಯಲುಸೀಮೆಯ ಹಳ್ಳಿಗಳಿಂದ ದೇಶ ಕಲಿತ ಪಾಠ ಅದು.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಕಾರ್ಯಕ್ರಮವೂ ರಾಜ್ಯದಲ್ಲಿ ಜಾರಿಗೆ ಬಂದಿದೆ. ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಗೋಡೆ ಬರಹದಿಂದ ಮಳೆ ಬರುವುದಿಲ್ಲ. 2023ರ ಬರದಲ್ಲಿ ಎಲ್ಲರ ಹೊಲದಂತೆ ನನ್ನದೂ ಒಣಗಿತು. ಆದರೆ ಆ ವರ್ಷ ವಿಮೆ ಕಂತು ಗಡುವಿಗೆ ಮೊದಲೇ ಕಟ್ಟಿತ್ತು, ಗೋಡೆಯ ಮೇಲೆ ಅದಕ್ಕೊಂದು ಗೀಟು ಬಿದ್ದಿತ್ತು. ಬೆಳೆ ಹೋದದ್ದು ಮಳೆಯಿಲ್ಲದೆ, ನನ್ನಿಂದಲ್ಲ ಎಂದು ಮನೆಯವರು ಮೊದಲ ಸಲ ಹೇಳಿದರು. ಗುತ್ತಿಗೆಯ ಮಾತು ಈಗ ಯಾರೂ ಎತ್ತುವುದಿಲ್ಲ. ಒಂಬತ್ತು ಎಕರೆಯೂ ನನ್ನ ಆರಂಭದಲ್ಲೇ ಇದೆ.

ಮಗನಿಗೆ ಎಂಟನೇ ವಯಸ್ಸಿಗೇ ಗೊತ್ತಾಯಿತು, ನನಗೆ ನಲವತ್ಮೂರಕ್ಕೆ. ನಿಮ್ಮೂರಲ್ಲೂ ಒಬ್ಬ ಆರಂಭಶೂರ ಇದ್ದಾನು. ಅವನ ಪಾಲಿನ ಭೂಮಿಯ ಬಗ್ಗೆ ಪಂಚಾಯ್ತಿ ಕೂರುವ ಮೊದಲು ಒಂದು ಸಲ ಅವನ ಜೊತೆ ಆಸ್ಪತ್ರೆಗೆ ಹೋಗಿಬನ್ನಿ. ಬೇರೆ ಉಪಾಯಗಳು ನಿಮಗೆ ಗೊತ್ತಿದ್ದರೆ ಪತ್ರಿಕೆಗೆ ಬರೆಯಿರಿ. ನಮ್ಮ ಪಂಪ್‌ಮನೆ ಗೋಡೆಯಲ್ಲಿ ಇನ್ನೂ ಜಾಗವಿದೆ.